ಮೂಳೆಯ ಹುಳು, ತೊಲೆಯ ಹುಳು

ಏಪ್ರಿಲ್ 2

ಅಣ್ಣಾ,

ಹೋದ ಭಾನುವಾರ ಬೆಳಿಗ್ಗೆ ನಿನಗೆ ಏಳು ಸಲ ಫೋನ್ ಮಾಡಿದೆ. ಏಳನೆಯ ಸಲ ಅತ್ತಿಗೆ ಎತ್ತಿದರು. "ಕೆಲಸದಲ್ಲಿದಾರಮ್ಮ, ಆಮೇಲೆ ಮಾಡ್ತಾರೆ" ಎಂದರು. ಅವರ ಹಿಂದೆಯೇ ನಿನ್ನ ಕೆಮ್ಮು ಕೇಳಿಸಿತು. ಐವತ್ತು ದಾಟಿದ ಗಂಡಸು ತಂಗಿಯ ಫೋನಿಗೆ ಹೆದರಿ ಹೆಂಡತಿಯ ಬೆನ್ನ ಹಿಂದೆ ಅಡಗುವುದೆಂದರೇನು? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೂ ನೀನೇ ಓದಬೇಕು.

ಅಪ್ಪ ಹೋಗಿ ಎರಡು ವರ್ಷವಾಯಿತು. ಅಲ್ಲಿಂದೀಚೆಗೆ ನಾವಿಬ್ಬರೂ ನೆಟ್ಟಗೆ ಮಾತಾಡಿದ್ದು ಎಷ್ಟು ಸಲ ಎಂದು ಎಣಿಸಿದರೆ ಒಂದು ಕೈಯ ಬೆರಳೂ ಪೂರ್ತಿ ಖರ್ಚಾಗುವುದಿಲ್ಲ. ನನ್ನ ಮೇಲೆ ಕೋಪವಿದ್ದರೆ ಹೇಳಿಬಿಡು. ನನಗೂ ನಿನ್ನ ಮೇಲೆ ಒಂದು ಕೋಪವಿದೆ, ಆದರೆ ಅದನ್ನು ಈಗ ಹೇಳುವುದಿಲ್ಲ. ಮೊದಲು ನೀನು ಹೇಳು.

ನನ್ನ ಕಡೆ ಹೊಸದೇನಿಲ್ಲ. ಸಂಗ್ರಹಾಲಯದ ನೆಲಮಾಳಿಗೆ, ಅಲ್ಲಿ ನನ್ನ ಬೆಚ್ಚಗಿನ ಕೋಣೆ, ಕೋಣೆಯಲ್ಲಿ ಗಾಜಿನ ತೊಟ್ಟಿಗಳು, ತೊಟ್ಟಿಯಲ್ಲಿ ನನ್ನ ಜೀರುಂಡೆಗಳು. ಸತ್ತ ಪ್ರಾಣಿ ಬಂದರೆ ಚರ್ಮ ಸುಲಿದು ಅವುಗಳಿಗೆ ಕೊಡುತ್ತೇನೆ. ಮಾಂಸವನ್ನೆಲ್ಲ ತಿಂದು, ಮೂಳೆಗೆ ಒಂದು ಗೀರೂ ಬೀಳದಂತೆ ನನಗೆ ವಾಪಸು ಕೊಡುತ್ತವೆ. ಈ ವಾರ ಒಂದು ನೀರುನಾಯಿ ಬಂದಿದೆ. ನಿನಗಿಂತ ನನ್ನ ಹುಳುಗಳೇ ವಾಸಿ, ಕರೆದರೆ ಬರುತ್ತವೆ.

ತಂಗಿ

---

ಏಪ್ರಿಲ್ 15

ಮೂಳೆಮ್ಮನಿಗೆ,

ಕೋಪವೂ ಇಲ್ಲ, ತಾಪವೂ ಇಲ್ಲ. ಫೋನು ಎಂಬ ವಸ್ತು ನನಗೆ ಆಗಿಬರುವುದಿಲ್ಲ, ಅಷ್ಟೆ. ಗರಗಸದ ಗಲಾಟೆಯಲ್ಲಿ ಅದು ಬಡಿದುಕೊಂಡರೆ ಯಾರಿಗೆ ಗೊತ್ತಾಗಬೇಕು? ಎತ್ತಿದರೂ ಎಲ್ಲರೂ ನೀರಿನೊಳಗಿಂದ ಮಾತಾಡಿದ ಹಾಗಿರುತ್ತದೆ. ಈಗಿನ ಫೋನುಗಳೇ ಕಳಪೆ. ಕಾಗದವೇ ಚೆನ್ನ. ನಿನ್ನ ಅಕ್ಷರ ಕೋಳಿ ಕೆದರಿದಂತಿದ್ದರೂ ಓದಲು ಬರುತ್ತದೆ.

ಒಂದು ದೊಡ್ಡ ಕೆಲಸ ಸಿಕ್ಕಿದೆ. ಇಲ್ಲಿಯ ಹಳೆಯ ವಾಚನಾಲಯದ ಹೆಂಚಿನ ಮಾಡು. ನಮ್ಮ ಅಜ್ಜನ ಅಜ್ಜ ತೊಟ್ಟಿಲಲ್ಲಿದ್ದಾಗ ಏರಿಸಿದ ತೊಲೆಗಳು, ಒಂದೊಂದನ್ನೂ ತಬ್ಬಿಕೊಂಡರೆ ಕೈ ಕೂಡುವುದಿಲ್ಲ. ಮಾಡಿನ ಕೆಳಗಿನ ಹಾಲು ಮಕ್ಕಳ ವಿಭಾಗ. ತೊಲೆಗಳಲ್ಲಿ ತೂತು ಕಂಡವೆಂದು ಮಕ್ಕಳನ್ನು ಒಂದು ವರ್ಷದಿಂದ ಓಣಿಯಂಥ ಪಡಸಾಲೆಯಲ್ಲಿ ಕೂರಿಸಿದ್ದಾರೆ. ಜೂನ್ ಒಂದಕ್ಕೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ನಾನು ಸಹಿ ಹಾಕಿ ಕೊಡಬೇಕು. ತೊಲೆ ಗಟ್ಟಿ ಎಂದರೆ ಮಕ್ಕಳು ಮರುದಿನವೇ ಒಳಗೆ ಬರುತ್ತಾರೆ. ಇಲ್ಲ ಎಂದರೆ ಮಾಡನ್ನೇ ಕಿತ್ತು ತಗಡು ಹೊದಿಸುತ್ತಾರಂತೆ. ಅಂಥ ಮರ ಇನ್ನು ಹುಟ್ಟುವುದಿಲ್ಲ, ಕೀಳಬೇಕು ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಮೊದಲು ಗೆದ್ದಲು ಅಂದುಕೊಂಡೆ. ಅಲ್ಲ. ತೂತುಗಳು ದುಂಡಗೆ, ನನ್ನ ಚಿಕ್ಕ ಬೈರಿಗೆಯಲ್ಲಿ ಕೊರೆದಂತೆ. ಕೆಳಗೆ ಪುಡಿ ಬಿದ್ದಿರುತ್ತದೆ. ಕಿಟಕಿಯ ಹಲಗೆಯ ಮೇಲೆ ಸಿಕ್ಕ ಐದು ಹುಳುಗಳನ್ನು ಒಂದು ತುಂಡು ಮರದ ಜೊತೆ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ. ಹುಳುಗಳ ಸಹವಾಸ ನಿನ್ನದು. ಯಾರಿವರು, ಏನು ಕತೆ, ನೋಡಿ ಹೇಳು.

ಇಲ್ಲಿಯ ಗ್ರಂಥಪಾಲಕಿ ವಿಚಿತ್ರ ಹೆಂಗಸು. ತುಟಿ ಆಡಿಸುತ್ತಾಳೆ, ದನಿ ಹೊರಗೆ ಬರುವುದಿಲ್ಲ. ಇಪ್ಪತ್ತು ವರ್ಷ "ಸದ್ದು ಮಾಡಬೇಡಿ" ಫಲಕದ ಕೆಳಗೆ ಕೂತವರಿಗೆ ಹಾಗೇ ಆಗುತ್ತದೋ ಏನೋ. ನಾನು ತಲೆಯಾಡಿಸಿ ಸುಮ್ಮನಾಗುತ್ತೇನೆ. ಮನೆಗೆ ಬಂದರೆ ನಿನ್ನ ಅತ್ತಿಗೆ ಅದಕ್ಕೆ ತದ್ವಿರುದ್ಧ. ಈಚೆಗೆ ಆಚೆ ಬೀದಿಗೆ ಕೇಳುವಂತೆ ಕೂಗುತ್ತಾಳೆ. ಇಬ್ಬರ ದನಿಯನ್ನೂ ಬೆರೆಸಿ ಸಮಪಾಲು ಮಾಡಿದರೆ ನನ್ನ ಬದುಕು ಸಲೀಸಾದೀತು.

ಅಂದಹಾಗೆ, ಅಪ್ಪ ನನಗೆ ಮಾಡಿಕೊಟ್ಟಿದ್ದ ಒಂದಡಿಯ ಮರದ ಅಳತೆಕೋಲು ಎಲ್ಲೋ ಕಳೆದುಹೋಗಿ ಎರಡು ವರ್ಷವಾಯಿತು. ನೀನೇನಾದರೂ ಕಂಡೆಯಾ? ಅಂಗಡಿಯ ಟೇಪಿನಲ್ಲಿ ಅಳೆದರೆ ನನಗೆ ಅಳೆದ ಹಾಗೇ ಅನ್ನಿಸುವುದಿಲ್ಲ.

ಅಣ್ಣ

---

ಏಪ್ರಿಲ್ 26

ಅಣ್ಣಾ,

ನಿನ್ನ ಡಬ್ಬಿ ನನ್ನ ನೌಕರಿಗೇ ಕುತ್ತು ತರುವುದರಲ್ಲಿತ್ತು. ಸಂಗ್ರಹಾಲಯದೊಳಗೆ ಹೊರಗಿನ ಮರ ಬಂದರೆ ಮೊದಲು ಶೀತಲ ಪೆಟ್ಟಿಗೆಯಲ್ಲಿ ಎರಡು ವಾರ ಕೂರಬೇಕು, ಅದು ನಿಯಮ. ಬಾಗಿಲ ಕಾವಲುಗಾರ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಮೇಡಂ, ಇದರೊಳಗೆ ಯಾರೋ ಬಾಗಿಲು ತಟ್ತಾ ಇದಾರೆ" ಎಂದ. ಮೇಲಿನ ಅಂತಸ್ತಿನಲ್ಲಿ ನೂರು ವರ್ಷದ ಮರದ ಬೀರುಗಳಿವೆ. ನಿನ್ನ ಐವರು ಅತಿಥಿಗಳು ಅಲ್ಲಿಗೆ ಹೋಗಿದ್ದರೆ ನಾನು ನಿನ್ನ ಮನೆಯ ಜಗುಲಿಯಲ್ಲಿ ಬಂದು ಕೂರಬೇಕಾಗುತ್ತಿತ್ತು. ಇಬ್ಬರನ್ನು ಬೀದಿಯಾಚೆಯ ಕಲ್ಲುಬೆಂಚಿನ ಮೇಲೆ ಕೂತು ಭೂತಗನ್ನಡಿಯಲ್ಲಿ ನೋಡಿದೆ. ಮಿಕ್ಕ ಮೂವರು ಶೀತಲ ಪೆಟ್ಟಿಗೆಯಲ್ಲಿ ಪ್ರಾಣ ಬಿಟ್ಟರು. ಕ್ಷಮಿಸು.

ಇವರು ತೊಲೆ ಕುಟ್ಟುವ ಜೀರುಂಡೆಗಳು. ನನ್ನವರ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಮನೆತನದವರು ಅನ್ನಿಸುತ್ತದೆ. ಇಬ್ಬರೂ ಕಂದು ಮೈಯವರು, ಅಕ್ಕಿಕಾಳಿಗಿಂತ ತುಸು ದಪ್ಪ. ಆದರೆ ನಡೆನುಡಿಯಲ್ಲಿ ಅಜಗಜಾಂತರ.

ನನ್ನವರಿಗೆ ಬೆಚ್ಚಗಿನ, ಒಣಗಿದ, ಕತ್ತಲ ಜಾಗ ಬೇಕು. ನಿನ್ನವರಿಗೆ ತೇವ ಬೇಕು. ಎಲ್ಲಿ ನೀರು ಸೋರಿ ಮರ ಒಳಗೇ ಮೆತ್ತಗಾಗಿದೆಯೋ ಅಲ್ಲೇ ಸಂಸಾರ ಹೂಡುತ್ತಾರೆ. ನನ್ನವರು ಗುಂಪಿನ ಜನ. ಸಾವಿರ ಬಾಯಿ ಒಟ್ಟಿಗೆ ಕೂತು ಒಂದು ಹಕ್ಕಿಯ ತಲೆಯನ್ನು ಮೂರು ದಿನದಲ್ಲಿ ಬಿಳಿ ಮಾಡುತ್ತವೆ. ತೊಟ್ಟಿಗೆ ಕಿವಿಗೊಟ್ಟರೆ ಒಣ ಎಲೆಯ ಮೇಲೆ ಯಾರೋ ನಡೆದ ಹಾಗೆ ಸದ್ದು. ನಿನ್ನವರು ಒಂಟಿ ಜೀವಗಳು. ಮರಿಹುಳು ತೊಲೆಯೊಳಗೆ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ, ತನ್ನ ಪಾಡಿಗೆ ತಾನು ಕೊರೆಯುತ್ತ ಇರುತ್ತದೆ. ನನ್ನ ಕೋಣೆಯಲ್ಲಿ ಅಷ್ಟರೊಳಗೆ ಮೊಮ್ಮಗನ ಮೊಮ್ಮಗನೂ ಮುದುಕನಾಗಿರುತ್ತಾನೆ. ನನ್ನವರೂ ಮರ ಕೊರೆಯುತ್ತಾರೆ, ಆದರೆ ತಿನ್ನಲು ಅಲ್ಲ. ಕೋಶ ಕಟ್ಟುವ ಹೊತ್ತಿಗೆ ಮಲಗಲು ಒಂದು ಗೂಡು ಬೇಕಲ್ಲ, ಅದಕ್ಕೆ. ನಾನು ಬೆಂಡಿನ ತುಂಡು ಹಾಕಿಟ್ಟಿರುತ್ತೇನೆ.

ಒಂದು ಗುಣ ಮಾತ್ರ ನನ್ನವರಲ್ಲಿ ಇಲ್ಲ. ಈ ತಿಂಗಳುಗಳಲ್ಲಿ ನಿನ್ನ ಜೀರುಂಡೆ ಜೊತೆ ಬೇಕಾದಾಗ ಹಣೆಯನ್ನು ಮರಕ್ಕೆ ಕುಟ್ಟುತ್ತದೆ. ಆರೇಳು ಸಲ, ಬೇಗ ಬೇಗ. ಇನ್ನೊಂದು ತೊಲೆಯಲ್ಲಿರುವುದು ಅದಕ್ಕೆ ಉತ್ತರ ಕುಟ್ಟುತ್ತದೆ. ಅವಕ್ಕೆ ಕಿವಿಯಿಲ್ಲ, ಮರದ ನಡುಕ ಕಾಲಿಗೆ ತಿಳಿಯುತ್ತದೆ. ಮನುಷ್ಯ ಪೆನ್ಸಿಲ್ಲಿನಿಂದ ಕುಟ್ಟಿದರೂ ಮೋಸಹೋಗಿ ಉತ್ತರ ಕೊಡುತ್ತವೆ. ನೀನೂ ಪೆನ್ಸಿಲ್ಲಿನ ಹಿಂಬದಿಯಿಂದ ಪ್ರತಿ ತೊಲೆಗೂ ಆರೇಳು ಸಲ ಕುಟ್ಟಿ, ಉಸಿರು ಬಿಗಿಹಿಡಿದು ಕಾಯಿ. ಉತ್ತರ ಬಂದರೆ ಒಳಗೆ ಜನವಿದ್ದಾರೆ. ಒಂದು ವಾರ ಬೆಳಿಗ್ಗೆ ಸಂಜೆ ಕುಟ್ಟಿದರೂ ಉತ್ತರವಿಲ್ಲವೆಂದರೆ ಮನೆ ಖಾಲಿಯಾಗಿದೆ ಎನ್ನಬಹುದು.

ಅಳತೆಕೋಲಿನ ವಿಷಯ ಆಮೇಲೆ ಮಾತಾಡೋಣ.

ತಂಗಿ

---

ಮೇ 9

ಮೂಳೆಮ್ಮನಿಗೆ,

ಮನೆ ಖಾಲಿ. ಏಳು ದಿನ, ದಿನಕ್ಕೆ ಎರಡು ಸಲ, ಹನ್ನೊಂದು ತೊಲೆಗೂ ಕುಟ್ಟಿದೆ. ಏಣಿಯ ಮೇಲೆ ನಿಂತು ಕುತ್ತಿಗೆ ಹಿಡಿದುಕೊಂಡಿದೆ. ಒಬ್ಬನೂ ಮಾರುತ್ತರ ಕೊಡಲಿಲ್ಲ. ತೊಲೆಯ ಜೀರುಂಡೆಗಳು ಗಂಟುಮೂಟೆ ಕಟ್ಟಿವೆ. ನಾನು ಕಳಿಸಿದ ಐವರೇ ಕಡೆಯವರಿರಬೇಕು, ಅವರನ್ನೂ ನೀನು ತಣ್ಣಗೆ ಮಾಡಿದೆ.

ಕುಟ್ಟುವಾಗೆಲ್ಲ ಆ ಗ್ರಂಥಪಾಲಕಿ ಕೆಳಗೆ ಕೂತು ನನ್ನನ್ನು ಆಟಕ್ಕಿಟ್ಟುಕೊಂಡಿದ್ದಳು. ನಾನು ಕುಟ್ಟಿ ಕಾಯುತ್ತೇನೆ, ಅವಳು ಪುಸ್ತಕದಿಂದ ತಲೆಯೆತ್ತಿ ಮಾಡು ನೋಡಿ ನಗುತ್ತಾಳೆ. ಮತ್ತೆ ಕುಟ್ಟುತ್ತೇನೆ, ಮತ್ತೆ ನಗು. ಒಂದು ದಿನ ಬೆರಳೆತ್ತಿ ಮೂಲೆಯ ತೊಲೆಯನ್ನು ತೋರಿಸಿ ಏನೋ ಅಂದಳು. ಜೇಡರ ಬಲೆ ಇನ್ನೂ ತೆಗೆದಿಲ್ಲ ಅಂತ ಇರಬೇಕು. "ಆಯ್ತು, ಆಯ್ತು, ತೆಗೀತೀನಿ" ಎಂದೆ. ಮಿಕಿಮಿಕಿ ನೋಡಿದಳು.

ಮೂಲೆಯ ತೊಲೆಯ ಕೆಳಗೆ ಪುಡಿ ಮಾತ್ರ ಇನ್ನೂ ಬೀಳುತ್ತಿದೆ. ನಾನು ಕುಟ್ಟಿದ್ದಕ್ಕೆ ಹಳೆಯ ಪುಡಿ ಉದುರುತ್ತಿದೆ. ಬೆಳಿಗ್ಗೆ ಗುಡಿಸಿದರೆ ಮರುದಿನ ಬೆಳಿಗ್ಗೆ ಮತ್ತೆ ಒಂದು ಚಿಟಿಕೆ.

ಸಮಿತಿಯ ಕಾರ್ಯದರ್ಶಿಗೆ ಬಾಯಿಮಾತಿನಲ್ಲಿ ಹೇಳಿದ್ದೇನೆ. ಬೆನ್ನು ತಟ್ಟಿದರು. ಜೂನ್ ಒಂದಕ್ಕೆ ಸಹಿ. ಮಕ್ಕಳಿಗೆಂದು ಗೋಡೆಗೆ ಹೊಸ ಬಣ್ಣ ಬಳಿಯುತ್ತಿದ್ದಾರೆ.

ಅಣ್ಣ

---

ಮೇ 13

ಅಣ್ಣಾ,

ಸಹಿ ಹಾಕಬೇಡ. ಪುಡಿ ನನಗೆ ಸರಿ ಕಾಣುತ್ತಿಲ್ಲ. ನೀನು ಏಣಿ ಹತ್ತದ ಒಂದು ದಿನ ಆ ತೊಲೆಯ ಕೆಳಗೆ ಕಪ್ಪು ಕಾಗದ ಹಾಸಿಡು. ಅಂದೂ ಪುಡಿ ಬಿದ್ದರೆ ಅದು ಹಳೆಯದಲ್ಲ. ಮತ್ತೆ, ಕುಟ್ಟುವಾಗ ಇನ್ನೊಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿಸಿಕೋ. ನಾನು ಬರೆದದ್ದರಲ್ಲೇ ಏನೋ ತಪ್ಪಿರಬೇಕು. ಇನ್ನೂ ಕಾಲ ಮಿಂಚಿಲ್ಲ.

ತಂಗಿ

---

ಮೇ 22

ತಂಗಿಗೆ,

ಮೂವತ್ತೊಂದು ವರ್ಷದಿಂದ ಮರದ ಕೆಲಸ ಮಾಡುತ್ತಿದ್ದೇನೆ. ಹಲಗೆಗೆ ಬೆರಳು ಬಡಿದು ಒಳಗೆ ಟೊಳ್ಳೋ ಗಟ್ಟಿಯೋ ಹೇಳುತ್ತಿದ್ದವನು ನಾನು. ಈಗ ನನ್ನ ಕಿವಿಗೆ ಇನ್ನೊಬ್ಬರ ಕಿವಿಯ ಸಾಕ್ಷಿ ಬೇಕೆನ್ನುತ್ತೀಯ. ನೀನು ಹೇಳಿದಂತೆಯೇ ಕುಟ್ಟಿದೆ, ಉತ್ತರ ಬರಲಿಲ್ಲ. ಆಮೇಲೆ ನೀನೇ ಮಾತು ತಿರುಗಿಸಿದೆ. ಕಪ್ಪು ಕಾಗದ ಹಾಸುವ ಪುರುಸೊತ್ತು ನನಗಿಲ್ಲ.

ಅಪ್ಪ ಹೋದ ಮೇಲೆ ನೀನು ಹೀಗೇ ಆಗಿದ್ದೀಯ. ನನ್ನನ್ನು ಯಾವುದೋ ತಪ್ಪಿತಸ್ಥನನ್ನು ನೋಡಿದ ಹಾಗೆ ನೋಡುತ್ತೀಯ, ತಪ್ಪೇನು ಎಂದು ಹೇಳುವುದಿಲ್ಲ. ನಂಟರ ನಡುವೆ ಕೂತಾಗ ನೀವೆಲ್ಲ ನಗುತ್ತೀರಿ, ನಾನು ಬಂದರೆ ನಿಲ್ಲಿಸುತ್ತೀರಿ. ಇರಲಿ. ಜೂನ್ ಒಂದರಂದು ಸಹಿ ಹಾಕುತ್ತೇನೆ.

ಅಣ್ಣ

---

ಮೇ 27
(ಶೀಘ್ರ ಅಂಚೆ, ಜೊತೆಗೆ ಒಂದು ಪೊಟ್ಟಣ)

ಅಣ್ಣಾ,

ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತೆ. ಮೂಳೆ ಜೋಡಿಸುವವಳ ಚಾಳಿ. ಒಂದೊಂದನ್ನೇ ಹಿಡಿದು ನೋಡಿದಾಗ ಏನೂ ತಿಳಿದಿರಲಿಲ್ಲ, ಜೋಡಿಸಿದ ಮೇಲೆ ಆಕಾರ ಕಾಣಿಸಿತು.

ಫೋನಿನಲ್ಲಿ ಎಲ್ಲರೂ ನೀರಿನೊಳಗಿಂದ ಮಾತಾಡುತ್ತಾರೆ. ಗ್ರಂಥಪಾಲಕಿಯ ತುಟಿ ಮಾತ್ರ ಆಡುತ್ತದೆ. ಅತ್ತಿಗೆ ಕೂಗುತ್ತಾರೆ. ನಾವು ನಗುವುದು ನಿನಗೆ ಕಾಣುತ್ತದೆ, ಯಾಕೆ ನಗುತ್ತೇವೆ ಎನ್ನುವುದು ತಿಳಿಯುವುದಿಲ್ಲ. ನೀನು ಕುಟ್ಟಿ ಕಾದಾಗ ಆ ಹೆಂಗಸು ಮಾಡಿನ ಕಡೆ ನೋಡಿ ನಕ್ಕಳು ಎಂದೆಯಲ್ಲ. ಅವಳು ನಿನ್ನನ್ನು ನೋಡಿ ನಕ್ಕದ್ದಲ್ಲ ಅಣ್ಣಾ. ಅವಳಿಗೆ ಉತ್ತರ ಕೇಳಿಸಿತು. ಯಾವ ತೊಲೆಯಿಂದ ಬಂತು ಎಂದು ಬೆರಳು ತೋರಿಸಿದಳು.

ನಿನಗೆ ಕಿವಿ ಕೇಳಿಸುತ್ತಿಲ್ಲ. ಎಷ್ಟು ದಿನದಿಂದ ಎಂದು ನೀನೇ ಹೇಳಬೇಕು. ನೀನು ಬಚ್ಚಿಟ್ಟೆ ಎಂದು ನನಗೆ ಕೋಪವಿಲ್ಲ. ಇಷ್ಟು ದಿನ ನನಗೆ ತಿಳಿಯಲಿಲ್ಲವಲ್ಲ, ನಾನೆಂಥ ತಂಗಿ ಎಂದು ನನ್ನ ಮೇಲೇ ಕೋಪ ಬರುತ್ತಿದೆ.

ನಾನು ದಿನವೂ ನೋಡುವ ಒಂದು ವಿಷಯ ಹೇಳುತ್ತೇನೆ. ನನ್ನ ಜೀರುಂಡೆಗಳು ತಲೆಬುರುಡೆ ತಿಂದು ಮುಗಿಸಿದಾಗ ಕಿವಿಯ ಗೂಡಿನಿಂದ ಮೂರು ಪುಟ್ಟ ಮೂಳೆ ಉದುರುತ್ತವೆ. ಸುತ್ತಿಗೆ, ಅಡಿಗಲ್ಲು, ಕುದುರೆ ಸವಾರ ಕಾಲಿಡುವ ಅಂಕವಡಿ ಎಂದು ಅವುಗಳ ಹೆಸರು. ಬಡಗಿಯ ತಲೆಯಲ್ಲಿ ಸುತ್ತಿಗೆ ಇರಲೇಬೇಕಲ್ಲ. ಸದ್ದು ಗಾಳಿಯಲ್ಲಿ ಬಂದು ಈ ಮೂರನ್ನು ಅಲ್ಲಾಡಿಸಿ ಒಳಗೆ ಹೋಗುತ್ತದೆ. ಇವುಗಳಲ್ಲಿ ಯಾವುದಾದರೂ ಸಿಕ್ಕಿಹಾಕಿಕೊಂಡರೆ ಬಾಗಿಲು ಮುಚ್ಚಿದ ಹಾಗೆ. ಆದರೆ ಸದ್ದಿಗೆ ಹಿತ್ತಿಲ ಬಾಗಿಲೂ ಒಂದಿದೆ. ಹಲ್ಲಿನಿಂದ, ದವಡೆಯಿಂದ, ತಲೆಯ ಮೂಳೆಯ ಮೂಲಕವೇ ಒಳಗೆ ನುಗ್ಗುತ್ತದೆ. ನಿನ್ನ ಬಾಗಿಲು ಯಾವ ರೀತಿ ಮುಚ್ಚಿದೆಯೋ ನನಗೆ ಗೊತ್ತಿಲ್ಲ, ಅದು ವೈದ್ಯರು ಹೇಳಬೇಕಾದ ಮಾತು. ಆದರೆ ನೀನೇ ಒಮ್ಮೆ ಪರೀಕ್ಷೆ ಮಾಡಿ ನೋಡಲು ಒಂದು ಕಾಸೂ ಬೇಕಿಲ್ಲ.

ಪೊಟ್ಟಣದಲ್ಲಿ ಒಂದು ಅಳತೆಕೋಲಿದೆ. ನೋಡಿದರೆ ಗುರುತು ಸಿಗುತ್ತದೆ. ನನ್ನ ಹತ್ತಿರ ಅದು ಹೇಗೆ ಬಂತು ಎಂದು ಆಮೇಲೆ ಹೇಳುತ್ತೇನೆ, ಈಗ ಕೇಳಬೇಡ. ಮೂಲೆಯ ತೊಲೆಗೆ ಅದರ ಒಂದು ತುದಿ ಒತ್ತಿ ಇಡು. ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೋ. ಪೆನ್ಸಿಲ್ಲಿನಿಂದ ಕುಟ್ಟು. ಕಾಯಿ. ಆಮೇಲೆ ಸಹಿಯ ಮಾತು.

ತಂಗಿ

---

ಜೂನ್ 6

ಮೂಳೆಮ್ಮಾ,

ನಿನ್ನ ಕಾಗದ ಮೇ ಮೂವತ್ತೊಂದರ ಮಧ್ಯಾಹ್ನ ಕೈಗೆ ಬಂತು. ಓದಿ ಹರಿದು ಹಾಕಬೇಕು ಅನ್ನಿಸಿತು. ಹರಿಯಲಿಲ್ಲ. ಪೊಟ್ಟಣ ಬಿಚ್ಚಿದೆ. ಅಪ್ಪನ ಕೈಯ ಗೆರೆಗಳು, ಎಂಟನೆಯ ಅಂಗುಲದ ಹತ್ತಿರ ಅವನ ಉಳಿ ಜಾರಿದ ಗಾಯ, ಎಲ್ಲ ಹಾಗೇ ಇದೆ. ಅಂಗಿಯ ಒಳಗಿಟ್ಟುಕೊಂಡು ನೆಟ್ಟಗೆ ವಾಚನಾಲಯಕ್ಕೆ ಹೋದೆ.

ಏಣಿ ಹತ್ತಿದೆ. ತೊಲೆಗೆ ಒತ್ತಿ ಹಲ್ಲಿನಲ್ಲಿ ಕಚ್ಚಿದೆ. ಐವತ್ತಮೂರು ವಯಸ್ಸಿನವನು ಕೋಲು ಕಚ್ಚಿಕೊಂಡು ಏಣಿಯ ತುದಿಯಲ್ಲಿ ನಿಂತಿದ್ದೇನೆ, ಕೆಳಗೆ ಬಣ್ಣ ಬಳಿಯುವವರು ಕೆಲಸ ಬಿಟ್ಟು ನೋಡುತ್ತಿದ್ದಾರೆ. ಆರು ಸಲ ಕುಟ್ಟಿದೆ. ಏನೂ ಇಲ್ಲ. ಇಳಿದುಬಿಡೋಣ ಎಂದುಕೊಂಡೆ. ಇನ್ನೊಂದು ಸಲ ಕುಟ್ಟಿದೆ.

ಬಂತು. ಟಿಕ್ ಟಿಕ್ ಟಿಕ್ ಟಿಕ್ ಟಿಕ್ ಟಿಕ್. ನನ್ನ ತಲೆಯ ನಡುಮಧ್ಯದಲ್ಲಿ ಯಾರೋ ಉಗುರಿನಿಂದ ಕುಟ್ಟಿದ ಹಾಗೆ. ಇಷ್ಟು ಸ್ಪಷ್ಟವಾದ ಸದ್ದು ನಾನು ಕೇಳಿ ನಾಲ್ಕು ವರ್ಷವಾಗಿತ್ತು. ಮೂರು ಸಲ ಕುಟ್ಟಿದೆ, ಮೂರು ಸಲವೂ ಉತ್ತರ ಕೊಟ್ಟಿತು. ಏಣಿಯ ಮೇಲೇ ಅತ್ತುಬಿಟ್ಟೆ. ಬಣ್ಣದವರು ಕಣ್ಣಿಗೆ ಪುಡಿ ಬಿತ್ತು ಅಂದುಕೊಂಡು ಒದ್ದೆ ಬಟ್ಟೆ ಕೊಟ್ಟರು.

ಹೌದು, ನಾಲ್ಕು ವರ್ಷ. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಮರ ಹೆರೆಯುವ ಕೀಸುಳಿಯ ಸದ್ದು. ಕೀಸುಳಿ ಹಾಡುತ್ತಿದ್ದರೆ ಅಲಗು ಚೂಪಾಗಿದೆ ಎಂದು ತಿಳಿಯುತ್ತಿತ್ತು, ಈಗ ಸಿಪ್ಪೆಯನ್ನು ಮುಟ್ಟಿ ತಿಳಿದುಕೊಳ್ಳುತ್ತೇನೆ. ಕಿವುಡ ಎಂದು ಗೊತ್ತಾದರೆ ಯಂತ್ರದ ಹತ್ತಿರ ಯಾರು ಬಿಟ್ಟುಕೊಳ್ಳುತ್ತಾರೆ? ಮಾಡು ಏರಲು ಯಾರು ಕರೆಯುತ್ತಾರೆ? ಅದಕ್ಕೆ ತಲೆಯಾಡಿಸುವುದನ್ನು ಕಲಿತೆ. ನಿನ್ನ ಅತ್ತಿಗೆಗೆ ನಾನು ಹೇಳಿರಲಿಲ್ಲ. ಈಗ ಹೇಳಿದರೆ, "ಗೊತ್ತು, ಅದಕ್ಕೇ ಕೂಗ್ತಾ ಇದ್ದೆ. ನೀವಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ" ಎಂದಳು. ಇಷ್ಟು ದಿನ ನಾನು ಅವಳ ಗಂಟಲನ್ನು ಆಡಿಕೊಂಡೆ.

ಅಂದೇ ಸಂಜೆ ಗ್ರಂಥಪಾಲಕಿಯ ಮೇಜಿನ ಮುಂದೆ ಕೂತು, "ನನಗೆ ಕಿವಿ ಕೇಳಲ್ಲ, ಸ್ವಲ್ಪ ಬರೆದು ಹೇಳ್ತೀರಾ" ಎಂದೆ. ಬಾಯಿಂದ ಆ ಮಾತು ಹೊರಗೆ ಬಿದ್ದದ್ದು ಅದೇ ಮೊದಲು. ಅವಳು ಒಂದು ಚೀಟಿ ತೆಗೆದು ಬರೆದಳು: "ಮೂಲೆಯ ತೊಲೆ ದಿನಾ ಉತ್ತರ ಕೊಡುತ್ತೆ. ಅದರ ಪಕ್ಕದ್ದು ಎರಡು ಸಲ ಕೊಟ್ಟಿತು. ಬೇರೆ ಯಾವುದೂ ಕೊಟ್ಟಿಲ್ಲ. ಹೇಳಲು ಬಂದೆ, ನೀವು ಜೇಡರ ಬಲೆ ತೆಗೆಯುತ್ತೇನೆ ಎಂದಿರಿ." ತಾರೀಖಿನ ಸಮೇತ ಬರೆದಿಟ್ಟುಕೊಂಡಿದ್ದಳು. ಅಂಥ ಸಾಕ್ಷಿಯನ್ನು, ನನ್ನನ್ನು ಆಟಕ್ಕಿಟ್ಟುಕೊಂಡವಳು ಎಂದು ನಿನಗೆ ಬರೆದೆ.

ಸಮಿತಿಯಲ್ಲಿ ನಾನು ಗಟ್ಟಿ ಎಂದು ಬರೆಯಲಿಲ್ಲ. ಎರಡು ತೊಲೆಗಳಲ್ಲಿ ಹುಳು ಜೀವಂತವಿದೆ, ಒಂಬತ್ತು ಗಟ್ಟಿಯಿವೆ ಎಂದು ಬರೆದೆ. ನೀನು ಹೇಳಿದ ತೇವದ ಮಾತು ನೆನಪಿತ್ತು. ಮೇಲೆ ಹತ್ತಿ ನೋಡಿದರೆ ಮೂಲೆಯಲ್ಲಿ ಎರಡು ಹೆಂಚು ಸರಿದು ಮಳೆಯ ನೀರೆಲ್ಲ ಅಲ್ಲೇ ಇಳಿಯುತ್ತಿತ್ತು. ಮಾಡು ಕೀಳಬೇಕಿಲ್ಲ. ಸೋರುವುದನ್ನು ನಿಲ್ಲಿಸಿ, ಮೆತ್ತಗಾದ ಭಾಗ ಕೆತ್ತಿ ಹೊಸ ಮರ ಬೆಸೆದು, ಒಣಗಲು ಬಿಟ್ಟರೆ ಹುಳು ತಾನೇ ಸೊರಗುತ್ತದೆ. ಮಕ್ಕಳು ಇನ್ನೊಂದು ಚಳಿಗಾಲ ಪಡಸಾಲೆಯಲ್ಲಿ ಕೂರಬೇಕು. ಕಾರ್ಯದರ್ಶಿ ಮುಖ ಸಿಂಡರಿಸಿದರು. ನಾನು ಮೊದಲು ಹೇಳಿದ್ದು ತಪ್ಪು, ಯಾಕೆ ತಪ್ಪಿತು ಎನ್ನುವುದನ್ನೂ ಎಲ್ಲರ ಮುಂದೆ ಹೇಳಿದೆ. ಇನ್ನು ಕೆಲಸ ಕಿತ್ತುಕೊಳ್ಳುತ್ತಾರೆ ಎಂದು ನಿಂತಿದ್ದೆ. ಗ್ರಂಥಪಾಲಕಿ ಎದ್ದು ಏನೋ ಅಂದಳು. ಆಮೇಲೆ ಚೀಟಿಯಲ್ಲಿ ಬರೆದು ಕೊಟ್ಟಳು: "ಕುಟ್ಟುವುದು ನೀವು, ಕೇಳುವುದು ನಾನು ಎಂದೆ. ಒಪ್ಪಿದರು."

ಈಗ ಹೇಳು. ಅಳತೆಕೋಲು ನಿನ್ನ ಹತ್ತಿರ ಹೇಗೆ ಬಂತು? ನಿನ್ನ ಆ ಕೋಪ ಯಾವುದು? ಏನಿದ್ದರೂ ಬರೆ. ಬರೆದದ್ದು ನನಗೆ ಕೇಳಿಸುತ್ತದೆ.

ಅಣ್ಣ

---

ಜೂನ್ 18

ಅಣ್ಣಾ,

ಒಂದು ವಾರದಿಂದ ಈ ಕಾಗದ ಶುರು ಮಾಡಿ ಬಿಡುತ್ತಿದ್ದೇನೆ. ಇವತ್ತು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ತೊಟ್ಟಿಗಳಿಂದ ಒಣ ಎಲೆಯ ಸದ್ದು ಬರುತ್ತಿದೆ.

ಅಪ್ಪನ ಕಡೆಯ ದಿನಗಳಲ್ಲಿ ನೀನು ಒಂದು ಮಧ್ಯಾಹ್ನ ಬಂದು ಮಂಚದ ಹತ್ತಿರ ಕೂತಿದ್ದೆ. ಅವನ ಹಾಸಿಗೆಯ ಹಲಗೆ ಅಳೆದು, ಒರಗಲು ಒಂದು ಪಟ್ಟಿ ಮಾಡಿಸುತ್ತೇನೆ ಎಂದೆ. ಎದ್ದು ಹೊರಟೆ. ಅಳತೆಕೋಲು ಮಂಚದ ಮೇಲೇ ಉಳಿಯಿತು. ನೀನು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅಪ್ಪ ನಿನ್ನನ್ನು ಕರೆದ. ಎರಡು ಸಲ. ಅವನ ದನಿ ಕ್ಷೀಣವಾಗಿತ್ತು, ಆದರೆ ಎದುರಿನ ಬಚ್ಚಲ ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. ನೀನು ತಿರುಗಿ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಹೋದೆ. ಮೂರನೆಯ ದಿನ ಅಪ್ಪ ಹೋದ. ಅದಕ್ಕೆ ಮೊದಲು ನೀನು ಮತ್ತೆ ಬಂದಾಗಲೇ ಅವನಿಗೆ ಮಾತು ನಿಂತಿತ್ತು.

ಅದೇ ನನ್ನ ಕೋಪ. ಸಾಯುವ ಅಪ್ಪ ಕರೆದರೂ ತಿರುಗದವನು ಎಂದು ಎರಡು ವರ್ಷ ನಿನ್ನನ್ನು ಮನಸ್ಸಿನಲ್ಲಿ ಬೈದೆ. ನಿನ್ನ ಅಳತೆಕೋಲನ್ನು ಬೇಕೆಂದೇ ಬಚ್ಚಿಟ್ಟೆ. ನೀನು ಹುಡುಕುತ್ತಿದ್ದೀಯ ಎಂದು ಗೊತ್ತಿದ್ದೂ ಕೊಡಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಆದರೆ ಇನ್ನೂ ಒಂದು ಇದೆ. ಅದನ್ನು ನಾನು ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ನೀನು ತಿರುಗದಿದ್ದಾಗ ಅಪ್ಪ ಬೆರಳ ಗೆಣ್ಣಿನಿಂದ ಮಂಚದ ಹಲಗೆಗೆ ಎರಡು ಸಲ ಕುಟ್ಟಿದ. ನಾನು ಓಡಿಬಂದು, "ನಾನ್ ಹೋಗಿ ಕರೀಲಾ" ಎಂದೆ. "ಬೇಡ ಬಿಡು, ಇದು ಅಷ್ಟು ದೂರ ಮುಟ್ಟಲ್ಲ. ಕೋಲು ಮರೆತು ಹೋಗ್ತಿದಾನೆ, ಅಷ್ಟೇ" ಎಂದು ನಕ್ಕ. ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. ನನಗೆ ಅದೂ ಸಿಟ್ಟು ಬರಿಸಿತ್ತು, ಮಗ ಅಂದರೆ ಇವನಿಗೆ ಎಲ್ಲವೂ ಮಾಫಿ ಎಂದು.

ನೆನಪು ಮಾಡಿಕೋ. ಕೆಲಸದ ಮನೆಯಲ್ಲಿ ಅಪ್ಪ ನಿನ್ನನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದ? ಕಡೆಯ ಎರಡು ವರ್ಷ ಅವನು ಹೆಸರು ಹಿಡಿದು ಕೂಗಿದ್ದು ನಾನು ಕೇಳಿಲ್ಲ. ನಿನ್ನ ಬೆಂಚಿನ ತುದಿಗೆ ಎರಡು ಸಲ ಕುಟ್ಟುತ್ತಿದ್ದ. ನೀನು ಬೆಂಚಿನ ಮೇಲೆ ಕೈಯಿಟ್ಟವನು ತಲೆಯೆತ್ತುತ್ತಿದ್ದೆ. ಗರಗಸದ ಗಲಾಟೆಗೆ ಹಾಗೆ ಮಾಡುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಅಲ್ಲ. ಅವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ನಿನಗೆ ಸಂಕೋಚವಾಗದ ಹಾಗೆ ಕರೆಯುವ ದಾರಿ ಹುಡುಕಿಕೊಂಡಿದ್ದ. ಯಾರಿಗೂ ಹೇಳಲಿಲ್ಲ.

ಅಪ್ಪ ನಿನ್ನ ಮೇಲೆ ನೊಂದು ಹೋಗಲಿಲ್ಲ ಅಣ್ಣಾ. ನೊಂದವಳು ನಾನು, ಅದೂ ಸುಮ್ಮನೆ.

ಮುಂದಿನ ತಿಂಗಳು ರಜೆ ಕೇಳಿದ್ದೇನೆ. ಬರಲಾ?

ತಂಗಿ

---

ಜುಲೈ 3

ಮೂಳೆಮ್ಮಾ,

ನಿನ್ನ ಕಾಗದವನ್ನು ನಿನ್ನ ಅತ್ತಿಗೆಗೂ ಓದಲು ಕೊಟ್ಟೆ. ಆಮೇಲೆ ನಾನು ಎದ್ದು ಹೋಗಿ ನನ್ನ ಬೆಂಚಿನ ತುದಿ ನೋಡಿದೆ. ಅಲ್ಲೊಂದು ಕಡೆ ಮರ ತುಸು ತಗ್ಗಾಗಿದೆ, ಗೆಣ್ಣು ತಾಗಿ ತಾಗಿ ನುಣುಪಾಗಿದೆ. ನಾಲ್ಕು ವರ್ಷ ಅದನ್ನು ಒರೆಸಿದ್ದೇನೆ, ಏನೆಂದು ಯೋಚಿಸಿರಲಿಲ್ಲ.

ಕಿವಿಯ ವೈದ್ಯರ ಹತ್ತಿರ ಹೋಗಿ ಬಂದೆ. ಬಡಿದರೆ ಕಂಪಿಸುವ ಲೋಹದ ಕವೆಯೊಂದನ್ನು ಕಿವಿಯ ಮುಂದೆ ಹಿಡಿದರು, ಏನೂ ಇಲ್ಲ. ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಗುಂಯ್ ಎಂದಿತು. ನೀನು ಹೇಳಿದ ಮೂರರಲ್ಲಿ ಕಡೆಯದು, ಆ ಅಂಕವಡಿ, ಅಂಟಿಕೊಂಡಿದೆಯಂತೆ. ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಅವಸರವಿಲ್ಲ ಎಂದರು. ಸದ್ಯಕ್ಕೆ ಮೂಳೆಗೆ ಒತ್ತಿಕೊಳ್ಳುವ ಒಂದು ಪುಟ್ಟ ಯಂತ್ರ ಕೊಟ್ಟಿದ್ದಾರೆ, ತಲೆಪಟ್ಟಿಯ ಹಾಗೆ ಹಾಕಿಕೊಳ್ಳಬೇಕು. ನಿನ್ನೆ ಕೀಸುಳಿ ಹಿಡಿದೆ. ಹಾಡಿತು. ಒಂದು ಹಲಗೆಯನ್ನು ಬೇಕಿಲ್ಲದಿದ್ದರೂ ಕೀಸುತ್ತಲೇ ಇದ್ದೆ, ಕಡೆಗೆ ಅದು ಮೆಟ್ಟಿಲ ಹಲಗೆಯಿಂದ ಪುಸ್ತಕದ ಹಲಗೆಯಾಯಿತು. ವಾಚನಾಲಯಕ್ಕೆ ಕೊಡುತ್ತೇನೆ. ಅತ್ತಿಗೆ ಇನ್ನೂ ಅಭ್ಯಾಸಬಲದಿಂದ ಕೂಗುತ್ತಾಳೆ, ನಾನು ಬೆಚ್ಚಿಬೀಳುತ್ತೇನೆ.

ಮೂಲೆಯ ತೊಲೆಯ ಕೆಲಸ ಶುರುವಾಗಿದೆ. ಸೋರುವುದು ನಿಂತಿದೆ. ಈ ವಾರ ಕುಟ್ಟಿದರೆ ಉತ್ತರ ಬರಲಿಲ್ಲ. ಕುಟ್ಟುವ ಕಾಲ ಮುಗಿಯಿತೋ, ಹುಳುವೇ ಮುಗಿಯಿತೋ ಈಗಲೇ ಹೇಳಲಾಗದು ಎಂದು ಗ್ರಂಥಪಾಲಕಿ ಪುಸ್ತಕ ನೋಡಿ ಹೇಳಿದಳು. ಬರುವ ವರ್ಷ ಕುಟ್ಟುವ ಕಾಲಕ್ಕೆ ಇಬ್ಬರೂ ಮತ್ತೆ ಕೂತು ಕೇಳಬೇಕು. ಅವಳ ದನಿ ಚೆನ್ನಾಗಿದೆ. ಪಿಸುಮಾತಿನಲ್ಲೂ ಜಗಳ ಆಡುವ ದನಿ.

ಅಳತೆಕೋಲನ್ನು ಬಚ್ಚಿಟ್ಟದ್ದಕ್ಕೆ ನಾಚಿಕೆ ಬೇಡ. ನನ್ನ ಕೈಯಲ್ಲಿದ್ದಿದ್ದರೆ ಇಷ್ಟರಲ್ಲಿ ಯಾವುದೋ ಕೆಲಸದ ಮನೆಯಲ್ಲಿ ನಿಜವಾಗಿಯೂ ಕಳೆದುಹೋಗಿರುತ್ತಿತ್ತು.

ಬರಲಾ ಎಂದು ಕೇಳುತ್ತೀಯಲ್ಲ, ಅದೊಂದು ಪ್ರಶ್ನೆಯೇ? ಬಾ. ಬಂದವಳು ಗಂಟೆ ಒತ್ತಬೇಡ. ನಾನು ಬೆಂಚಿನ ಹತ್ತಿರ ಬೆನ್ನು ಮಾಡಿ ನಿಂತಿರುತ್ತೇನೆ. ಅಪ್ಪ ಅವತ್ತು ಯಾವ ದನಿಯಲ್ಲಿ ಕರೆದನೋ ಅದೇ ದನಿಯಲ್ಲಿ, ಬಾಗಿಲ ಹತ್ತಿರ ನಿಂತು, ಎರಡು ಸಲ ಕರೆ. ನಾನು ತಿರುಗಿ ನೋಡುತ್ತೇನೆ.

ಅಣ್ಣ